ಅತ್ತೆಗೂ ನನಗೂ ಒಂದೇ ರೀಡರ್

ಜ್ವರ ಬಿಟ್ಟು ಎದ್ದಾಗ ನನ್ನ ಎಡಗಿವಿ ಕೇಳುವುದನ್ನು ನಿಲ್ಲಿಸಿತ್ತು. ಬಲಗಿವಿಯಲ್ಲಿ ಸ್ವಲ್ಪ ಉಳಿದಿತ್ತು, ಅದೂ ಕಿವಿಗೆ ಮಿಷನ್ ಹಾಕಿಕೊಂಡರೆ ಮಾತ್ರ. ಹೆಬ್ಬಾಳದ ಹತ್ತಿರದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹಾಳೆಯ ಮೇಲೆ ಬರೆದು ತೋರಿಸಿದರು: ವೈರಸ್ಸಿನಿಂದ ಹೀಗಾಗುವುದುಂಟು, ಹೋದದ್ದು ವಾಪಸ್ಸು ಬರುವುದು ಕಡಿಮೆ, ಇರುವುದನ್ನು ಉಳಿಸಿಕೊಳ್ಳೋಣ. ಅವರ ಅಕ್ಷರ ದುಂಡಗೆ ಚೆನ್ನಾಗಿತ್ತು. ಅಳು ಬರುವ ಬದಲು ನಾನು ಅದನ್ನೇ ನೋಡುತ್ತ ಕೂತಿದ್ದೆ.

ಆಗ ನನಗೆ ನಲವತ್ತಾರು ವರ್ಷ. ಆರ್.ಟಿ. ನಗರದ ಒಂದು ಶಾಲೆಯ ಕಚೇರಿಯಲ್ಲಿ ಕೆಲಸ. ಫೋನು ಎತ್ತುವುದು, ಮಕ್ಕಳ ಅಪ್ಪ ಅಮ್ಮ ಬಂದರೆ ಕೂರಿಸಿ ಮಾತಾಡಿಸುವುದು, ಒಟ್ಟಿನಲ್ಲಿ ಕಿವಿಯಿಂದಲೇ ಮಾಡುವ ಕೆಲಸ ಅದು. ಶಾಲೆಯವರು ಒಳ್ಳೆಯವರು, ಬಿಡಿಸಲಿಲ್ಲ. ಒಳಗಿನ ಕೋಣೆಗೆ ಹಾಕಿ, ಮಕ್ಕಳ ವಿವರ, ಅಂಕಗಳನ್ನು ಕಂಪ್ಯೂಟರಿಗೆ ತುಂಬುವ ಕೆಲಸ ಕೊಟ್ಟರು. ಆ ಕೋಣೆಗೆ ಯಾರೂ ಬರುತ್ತಿರಲಿಲ್ಲ.

ಕೇಳಿಸದೆ ಇರುವುದಕ್ಕಿಂತ ನನ್ನ ದನಿ ನನಗೇ ಕೇಳಿಸದೆ ಇರುವುದು ಕಷ್ಟ ಅಂತ ಗೊತ್ತಾಗಲು ಕೆಲವು ದಿನ ಬೇಕಾದವು. ಒಮ್ಮೆ ಸ್ಟಾಫ್ ರೂಮಿನಲ್ಲಿ ಏನೋ ಹೇಳುತ್ತಿದ್ದೆ. ಎದುರು ಕೂತಿದ್ದ ಗೆಳತಿ, ಗಣಿತದ ಮೇಡಂ, ಟೇಬಲ್ಲಿನ ಮೇಲೆ ಅಂಗೈ ಇಟ್ಟು ಮೆಲ್ಲಗೆ ತಟ್ಟಿದಳು. ಸುತ್ತ ನೋಡಿದರೆ ಎಲ್ಲರೂ ನನ್ನ ಕಡೆಯೇ ತಿರುಗಿದ್ದರು. ಕಿರುಚುತ್ತಿದ್ದೆ ಅಂತ ಕಾಣುತ್ತದೆ. ಅವಳು ಅವಮಾನ ಮಾಡಬೇಕೆಂದು ತಟ್ಟಿದ್ದಲ್ಲ, ಆದರೂ ಆವತ್ತಿನಿಂದ ನಾನು ಮಾತು ಕಡಿಮೆ ಮಾಡಿದೆ. ಬಸ್ಸಿನಲ್ಲಿ ಕಂಡಕ್ಟರಿಗೆ ಬ್ಯಾಟರಾಯನಪುರ ಅಂತ ಮೊಬೈಲಿನಲ್ಲಿ ಬರೆದು ತೋರಿಸುತ್ತಿದ್ದೆ. ಅಂಗಡಿಯಲ್ಲಿ ಬೆರಳು ಮಾಡುತ್ತಿದ್ದೆ. ಬಾಯಿ ಸರಿಯಾಗಿಯೇ ಇತ್ತು, ಅದನ್ನು ಬಳಸುವುದನ್ನು ಬಿಟ್ಟೆ ಅಷ್ಟೆ.

ಮನೆಯಲ್ಲಿ ಅತ್ತೆ, ನನ್ನ ಗಂಡ, ನಾನು. ಮಗಳು ಮೈಸೂರಿನಲ್ಲಿ ಓದುತ್ತಿದ್ದಳು. ಗಂಡ ಪೀಣ್ಯದ ಕಾರ್ಖಾನೆಗೆ ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆಯೇ ಬರುವುದು. ಹಾಗಾಗಿ ಸಂಜೆ ಅನ್ನುವುದು ಯಾವಾಗಲೂ ಅತ್ತೆಯದೂ ನನ್ನದೂ ಆಗಿತ್ತು. ನಾನು ಬಂದು ಕಾಫಿ ಮಾಡಿದರೆ ಇಬ್ಬರೂ ಟೀವಿ ಮುಂದೆ ಸುದ್ದಿಗೆ ಕೂರುತ್ತಿದ್ದೆವು. ಅತ್ತೆಗೆ ಅಕ್ಷರ ಬರುವುದಿಲ್ಲ. ಆದರೆ ಸುದ್ದಿಯ ಹುಚ್ಚು ಬಹಳ. ಮಂತ್ರಿಗಳನ್ನು ತಮ್ಮ ಸೋದರಳಿಯಂದಿರನ್ನು ಬೈದ ಹಾಗೆ ಬೈಯುತ್ತಿದ್ದರು. ಪರದೆಯ ಕೆಳಗೆ ಅಕ್ಷರ ಓಡತೊಡಗಿದರೆ, "ಅದೇನು ಓಡ್ತಾ ಐತೆ, ಏಳಮ್ಮಿ ಬಿರ್ನೆ" ಎನ್ನುವರು. ನಾನು ಓದಿ ಹೇಳುವೆ. ಆಮೇಲೆ ಇಬ್ಬರಿಗೂ ಜಗಳ. ನಾನೊಂದು ಪಕ್ಷ, ಅವರೊಂದು ಪಕ್ಷ.

ಜ್ವರದ ನಂತರ ಆ ಟೀವಿಯ ಮುಂದೆ ಕೂರಲಾಗಲಿಲ್ಲ. ಮಿಷನ್ ಹಾಕಿಕೊಂಡರೆ ಮಾತು, ಸಂಗೀತ, ಕಿರುಚಾಟ ಎಲ್ಲ ಒಂದಾಗಿ ತಲೆಯೊಳಗೆ ಹಿಟ್ಟಿನ ಗಿರಣಿ ತಿರುಗಿದಂತೆ ಆಗುತ್ತಿತ್ತು. ತೆಗೆದಿಟ್ಟರೆ ಬಾಯಿಗಳು ಸುಮ್ಮನೆ ಆಡುತ್ತಿದ್ದವು. ಕಾಫಿ ಲೋಟ ಹಿಡಿದು ರೂಮಿಗೆ ಹೋಗಿಬಿಡುತ್ತಿದ್ದೆ. ಅತ್ತೆ ಒಬ್ಬರೇ ನೋಡುವರು, ಸ್ವಲ್ಪ ಹೊತ್ತಿಗೆ ಆರಿಸಿಬಿಡುವರು. ಒಂದು ದಿನ ಗಂಡ ಕಾರ್ಖಾನೆಯಿಂದ ಮೆಸೇಜು ಹಾಕಿದ: "ಅಮ್ಮನ ಮೇಲೆ ಕೋಪಾನಾ? ಸೊಸೆ ಮುಖ ಕೊಡ್ತಿಲ್ಲ ಅಂತ ನೊಂದ್ಕೊಂಡವ್ರೆ." ಅದನ್ನು ಓದಿ ನನಗೂ ನೋವಾಯಿತು. ಉತ್ತರವಾಗಿ "ಇಲ್ಲ" ಅಂತ ಮಾತ್ರ ಬರೆದೆ.

ಸುದ್ದಿ ಬಿಟ್ಟು ಬದುಕಲು ನನಗೂ ಆಗುತ್ತಿರಲಿಲ್ಲ. ಮೊಬೈಲು ತೆರೆದರೆ ಎಲ್ಲವೂ ವಿಡಿಯೋ, ಯಾರೋ ಕ್ಯಾಮೆರಾ ಮುಂದೆ ನಿಂತು ಮಾತಾಡುತ್ತಲೇ ಇರುವರು. ಓದುವಂಥದ್ದು ಏನಾದರೂ ಸಿಕ್ಕಿತು ಅನ್ನುವಷ್ಟರಲ್ಲಿ ಅದರ ಮೇಲೆ ಜಾಹೀರಾತು ಬಂದು ಕೂರುವುದು. ಒಂದು ಮಧ್ಯಾಹ್ನ ಒಳಗಿನ ಕೋಣೆಯಲ್ಲಿ ಚಿತ್ರಾನ್ನದ ಡಬ್ಬಿ ತೆಗೆದು ಕೂತಾಗ ಹಳೆಯದೊಂದು ನೆನಪಾಯಿತು. ಬಹಳ ವರ್ಷದ ಹಿಂದೆ, ಕನ್ನಡದಲ್ಲಿ ಮನೆಮನೆಗೂ ಬ್ಲಾಗ್ ಇದ್ದ ಕಾಲದಲ್ಲಿ, ನಾನು ರೀಡರ್ ಅನ್ನುವುದೊಂದನ್ನು ಬಳಸುತ್ತಿದ್ದೆ. ಅದೊಂದು ವೆಬ್‌ಸೈಟು. ನಮಗೆ ಬೇಕಾದ ಪತ್ರಿಕೆಗಳ, ಬ್ಲಾಗುಗಳ ವಿಳಾಸವನ್ನು ಒಮ್ಮೆ ಅದಕ್ಕೆ ಕೊಟ್ಟರೆ ಸಾಕು, ಎಲ್ಲಿ ಹೊಸದು ಬಂದರೂ ತಂದು ಒಂದೇ ಪುಟದಲ್ಲಿ ಜೋಡಿಸಿಡುತ್ತಿತ್ತು. ಓದಿದ್ದು ಮಾಸಲು, ಓದದ್ದು ಕಪ್ಪು. ತಾಣಗಳು ಹೀಗೆ ಹೊರಗೆ ಕಳಿಸುವ ಸುದ್ದಿಯ ಸಾಲಿಗೆ ಫೀಡ್ ಎಂದು ಹೆಸರು. ನಾನು ಬಳಸುತ್ತಿದ್ದ ರೀಡರನ್ನು ಅದರ ಒಡೆಯರು ಒಂದು ದಿನ ಮುಚ್ಚಿದರು. ಆಮೇಲೆ ಎಲ್ಲರಂತೆ ನಾನೂ ಮೊಬೈಲಿಗೆ ಬಂದದ್ದನ್ನು ಓದುವವಳಾದೆ.

ಅಂಥವು ಈಗಲೂ ಇವೆಯೇ ಎಂದು ಹುಡುಕಿದೆ. ಇದ್ದವು, ಬೇಕಾದಷ್ಟು. ವೆಬ್ಬಿನಲ್ಲೇ ತೆರೆಯುವಂಥದ್ದು ಬೇಕು ಎಂದು ಮೊದಲೇ ತೀರ್ಮಾನ ಮಾಡಿದೆ. ಮಧ್ಯಾಹ್ನ ಶಾಲೆಯ ಕಂಪ್ಯೂಟರಿನಲ್ಲಿ ಅರ್ಧ ಓದಿದ್ದು ಬಸ್ಸಿನಲ್ಲಿ ಮೊಬೈಲಿನಲ್ಲಿ ಮುಂದುವರಿಯಬೇಕು. ಹೆಬ್ಬಾಳದ ಫ್ಲೈಓವರ್ ಕೆಳಗೆ ಬಸ್ಸು ನಿಂತರೆ ಒಂದು ಕಾದಂಬರಿಯೇ ಓದಿ ಮುಗಿಸಬಹುದು, ಅದು ಬೇರೆ ಮಾತು. ಮನೆಗೆ ಬಂದರೆ, ಮಗಳು ಹೊಸದು ಕೊಂಡು ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪಿನಲ್ಲೂ ಅದೇ ಪುಟ ಅದೇ ಜಾಗದಲ್ಲಿ ಸಿಗಬೇಕು.

ಮೊದಲು ತೆರೆದದ್ದು ನೋಡಲು ಮದುವೆಮನೆಯ ಹಾಗಿತ್ತು. ದೊಡ್ಡ ದೊಡ್ಡ ಚಿತ್ರ, ಬಣ್ಣ ಬಣ್ಣದ ಚೌಕ. ಕನ್ನಡದ ಒತ್ತಕ್ಷರಗಳ ಬಾಲ ಮಾತ್ರ ಕೆಳಗೆ ಕತ್ತರಿಸಿ ಹೋಗುತ್ತಿತ್ತು. 'ಅಕ್ಕಿ' ಅನ್ನುವುದು 'ಅಕಿ' ಆಗಿ ಕಾಣುತ್ತಿತ್ತು. ಅದನ್ನಾದರೂ ಸಹಿಸಿಕೊಳ್ಳುತ್ತಿದ್ದೆನೇನೋ, ನಾನು ಕೇಳದ ಸುದ್ದಿಗಳನ್ನು 'ನಿಮಗಾಗಿ' ಎಂದು ನಡುನಡುವೆ ತುರುಕತೊಡಗಿದಾಗ ಬೇಡವೆನಿಸಿತು. ಅದರಿಂದ ತಪ್ಪಿಸಿಕೊಳ್ಳಲೆಂದೇ ಅಲ್ಲವೇ ಇಲ್ಲಿಗೆ ಬಂದದ್ದು.

ಇನ್ನೊಂದು ಚೆನ್ನಾಗಿತ್ತು, ಅಕ್ಷರ ಶುದ್ಧವಾಗಿತ್ತು. ಅದರಲ್ಲಿ ಸುದ್ದಿಯನ್ನು ಯಂತ್ರವೇ ಗಟ್ಟಿಯಾಗಿ ಓದಿ ಹೇಳುವ ಗುಂಡಿಯೂ ಇತ್ತು. ನನಗೆ ಅದರಿಂದ ಏನು ಉಪಯೋಗ ಎಂದುಕೊಂಡೆ. ಮೂರನೆಯದು ತೀರಾ ಸಾದಾ. ಬಿಳಿ ಪುಟ, ಕಪ್ಪು ಸಾಲು. ಎಡಗಡೆ ನಾನೇ ಹೆಸರಿಟ್ಟು ಮಾಡಿಕೊಳ್ಳಬಹುದಾದ ವಿಭಾಗಗಳು. ಅಕ್ಷರ ಎಷ್ಟು ಬೇಕಾದರೂ ದೊಡ್ಡದು ಮಾಡಬಹುದಿತ್ತು. ಬಂದ ಹೊತ್ತಿನ ಕ್ರಮದಲ್ಲಿ ಬಂದದ್ದನ್ನು ಇಡುತ್ತಿತ್ತು, ತನ್ನದೇನೂ ಸೇರಿಸುತ್ತಿರಲಿಲ್ಲ. ನನ್ನ ತಾಣಗಳ ಪಟ್ಟಿಯನ್ನು ಒಂದು ಫೈಲಾಗಿ ಇಳಿಸಿಕೊಂಡು ಇಟ್ಟುಕೊಳ್ಳುವ ಅವಕಾಶವೂ ಇತ್ತು. ಒಮ್ಮೆ ಮುಚ್ಚಿಹೋದದ್ದನ್ನು ಕಂಡವಳಿಗೆ ಅದು ಸಣ್ಣ ಸಮಾಧಾನವಲ್ಲ. ಆದರೆ ಹೊಸ ತಾಣ ಸೇರಿಸುವುದು ಅಲ್ಲಿ ಸ್ವಲ್ಪ ತ್ರಾಸ. ಕೆಲವು ಪತ್ರಿಕೆಗಳು ತಮ್ಮ ಫೀಡನ್ನು ಎಲ್ಲಿ ಅಡಗಿಸಿಟ್ಟಿವೆಯೋ ಹುಡುಕಿ ತೆಗೆಯಬೇಕಿತ್ತು, ಕೆಲವಕ್ಕೆ ಫೀಡೇ ಇರಲಿಲ್ಲ. ಹಾಗಾಗಿ ಎರಡರಲ್ಲಿ ಯಾವುದೆಂದು ನಿರ್ಧರಿಸಲಾಗದೆ ಒಂದು ದಿನ ಅದು, ಒಂದು ದಿನ ಇದು ಅಂತ ನಡೆಸಿದ್ದೆ.

ಒಂದು ಸಂಜೆ ಜಗಲಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ಯಲಹಂಕದ ಕಡೆಯಿಂದ ವಿಮಾನವೊಂದು ಬಂತು. ಶಬ್ದ ಕೇಳಿಸದಿದ್ದರೂ ಬೆನ್ನಿಗೆ ತಾಗಿದ ಕಿಟಕಿಯ ಕಂಬಿ ನಡುಗಿದ್ದರಿಂದ ತಲೆ ಎತ್ತಿದೆ. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಬಾಯಲ್ಲಿ ಎಲೆಯಡಿಕೆ ಇತ್ತು, ಏನೋ ಕೇಳಿದರು. ಎದುರಿನವರ ತುಟಿ ನೋಡಿ ಮಾತು ತಿಳಿಯುವುದನ್ನು ಅಷ್ಟರಲ್ಲಿ ಕಲಿತಿದ್ದೆ, ಆದರೆ ಎಲೆಯಡಿಕೆ ತುಂಬಿದ ತುಟಿಯನ್ನು ಓದಲು ನನಗೆ ಬರುತ್ತಿರಲಿಲ್ಲ. ಅರ್ಥವಾಗಲಿಲ್ಲ ಎಂದು ತಲೆಯಾಡಿಸಿದೆ. ಅವರು ಬೀದಿಯಂಚಿಗೆ ಹೋಗಿ ಉಗಿದು, ಬಾಯಿ ಮುಕ್ಕಳಿಸಿ, ನನ್ನ ಎದುರಿಗೆ ಬಂದು ಕೂತರು.

"ಅದ್ರಾಗೇನೈತೆ ಅಂದೆ."

"ಸುದ್ದಿ ಅತ್ತೆ."

"ಟೀವೀಲಿ ಬರೋದೇ ತಾನೆ?"

"ಅದೂ ಬರುತ್ತೆ. ಟೀವೀಲಿ ಬರದೇ ಇರೋದೂ ಬರುತ್ತೆ."

"ಅಂಗಾರೆ ಓದು, ನಾನೂ ಕೇಳ್ತೀನಿ."

ನಾನು ಲ್ಯಾಪ್‌ಟಾಪಿನ ಮುಚ್ಚಳವನ್ನು ಅರ್ಧ ಮುಚ್ಚಿದೆ. ಅವರು ಕಾಯುತ್ತಲೇ ಇದ್ದರು. ಕೊನೆಗೆ ಹೇಳಿದೆ, "ನನ್ನ ದನಿ ಹೆಂಗೆ ಬರ್ತಿದೆ ಅಂತ ನಂಗೆ ಗೊತ್ತಾಗಲ್ಲ ಅತ್ತೆ. ಟೀವಿ ಶಬ್ದ ಅಂತೂ ತಲೆ ಒಡೆಯುತ್ತೆ. ಅದಕ್ಕೇ ಒಳಗೆ ಹೋಗ್ತಿದ್ದೆ. ನಿಮ್ಮ ಮೇಲೆ ಕೋಪ ಇಲ್ಲ."

ಅವರು ನನ್ನ ಮುಖವನ್ನೇ ನೋಡಿದರು. "ಅದನ್ನ ಏಳೋಕೆ ಇಷ್ಟು ದಿನ ಬೇಕಾ? ನಾನು ಏನೇನೋ ಅನ್ಕೊಂಡೆ" ಎಂದರು. ಆಮೇಲೆ ಇನ್ನಷ್ಟು ಹತ್ತಿರ ಸರಿದು, ತಮ್ಮ ಅಂಗೈಯನ್ನು ನನ್ನ ಮಂಡಿಯ ಮೇಲಿಟ್ಟರು. "ಜೋರಾದ್ರೆ ಇಂಗೆ ಒತ್ತುತೀನಿ. ಸಣ್ಣಗಾದ್ರೆ ತಟ್ತೀನಿ. ಓದು."

ಓದಿದೆ. ಮೊದಲ ಸಾಲಿಗೇ ಅಂಗೈ ಒತ್ತಿತು. ತಗ್ಗಿಸಿದೆ. ತಟ್ಟಿತು, ಏರಿಸಿದೆ. ಹಾಲಿನ ದರದ ಸುದ್ದಿ ಮುಗಿಯುವಷ್ಟರಲ್ಲಿ ಅಂಗೈ ಅಲ್ಲಾಡದೆ ಸುಮ್ಮನೆ ಕೂತಿತ್ತು. ನನ್ನ ದನಿ ಸರಿಯಾದ ಜಾಗದಲ್ಲಿದೆ ಎಂದು ಜ್ವರದ ನಂತರ ಮೊದಲ ಸಲ ನನಗೆ ಖಾತ್ರಿಯಾದದ್ದು ಆವತ್ತು. ಅಷ್ಟು ದನಿಗೆ ಗಂಟಲು ಎಷ್ಟು ಕಂಪಿಸುತ್ತದೆಂದು ಗುರುತಿಟ್ಟುಕೊಂಡೆ. ಮಾರನೆಯ ದಿನ ಬಸ್ಸಿನಲ್ಲಿ ಕಂಡಕ್ಟರಿಗೆ ಅದೇ ಅಳತೆಯಲ್ಲಿ "ಬ್ಯಾಟರಾಯನಪುರ ಒಂದು" ಎಂದೆ. ಆತ ತಲೆಯೆತ್ತಿಯೂ ನೋಡದೆ ಟಿಕೆಟ್ ಕೊಟ್ಟ. ಎಷ್ಟು ಖುಷಿಯಾಯಿತೆಂದರೆ, ಕೆಳಗಿಳಿದ ಮೇಲೆ ಎರಡು ಮೊಳ ಮಲ್ಲಿಗೆ ಕೊಂಡು ಮನೆಗೆ ಹೋದೆ.

ದಿನಾ ಸಂಜೆ ಓದುವುದು ರೂಢಿಯಾಯಿತು. ಅತ್ತೆ ತಮ್ಮ ಎಲೆಯಡಿಕೆಯ ಹೊತ್ತನ್ನು ಓದು ಮುಗಿದ ನಂತರಕ್ಕೆ ಹಾಕಿಕೊಂಡರು, ನಡುವೆ ನನ್ನೊಡನೆ ವಾದ ಮಾಡಬೇಕಲ್ಲ. ಆದರೆ ನನಗೊಂದು ಯೋಚನೆ ಇತ್ತು. ನಾನು ಶಾಲೆಯಲ್ಲಿರುವಾಗ ಹಗಲೆಲ್ಲ ಇವರು ಒಬ್ಬರೇ. ಓದಿ ಹೇಳುವ ಗುಂಡಿ ಇದ್ದ ರೀಡರನ್ನೇ ಆರಿಸಿಕೊಂಡರೆ ಅವರಿಗೆ ನನ್ನ ಹಂಗಿಲ್ಲದೆ ಸುದ್ದಿ ಸಿಗುತ್ತದೆ. ಒಂದು ಭಾನುವಾರ ಅವರನ್ನು ಕೂರಿಸಿ ಆ ಗುಂಡಿ ಒತ್ತಿದೆ. ನನಗೆ ಅದರ ದನಿ ಕೇಳಿಸದು, ಅತ್ತೆಯ ಮುಖವನ್ನೇ ನೋಡುತ್ತಿದ್ದೆ. ಮೊದಲು ಹುಬ್ಬು ಮೇಲೆ ಹೋಯಿತು. ಆಮೇಲೆ ನಕ್ಕರು. ಆಮೇಲೆ ಮುಖ ಗಂಟು ಹಾಕಿಕೊಂಡು ಕೈಯಾಡಿಸಿ ನಿಲ್ಲಿಸು ಎಂದರು.

"ಯಾರಮ್ಮಿ ಇವ್ಳು? ಉಸ್ರೇ ತಗಳಾಕಿಲ್ವಲ್ಲ!"

"ಮಿಷನ್ ಅತ್ತೆ ಅದು. ನಾನಿಲ್ಲದಾಗ ನೀವೇ ಹಾಕ್ಕೊಂಡು ಕೇಳಬಹುದು."

"ಸತ್ತೋರ ಸುದ್ದೀನೂ ಅಂಗೇ ಓದ್ತಾಳೆ, ಮದ್ವೆ ಸುದ್ದೀನೂ ಅಂಗೇ ಓದ್ತಾಳೆ. ನಾನೊಂದು ಮಾತು ಕೇಳಿದ್ರೆ ನಿಲ್ಲಾಕಿಲ್ಲ. ನಂಗೆ ಬ್ಯಾಡ."

"ಹಗಲು ಹೊತ್ತು ಬೇಜಾರಾಗಲ್ವಾ ನಿಮಗೆ?"

"ಅಗಲೊತ್ತು ನಂಗೆ ಬೇಕಾದಷ್ಟು ಕೆಲ್ಸ ಐತೆ. ಸಂಜೆ ನೀನು ಓದ್ತೀಯ ತಾನೆ?"

"ಓದ್ತೀನಿ."

"ಮತ್ತೆ?"

ಅಲ್ಲಿಗೆ ಆಯ್ಕೆ ಮುಗಿಯಿತು. ಸಾದಾ ಬಿಳಿ ಪುಟದ್ದನ್ನೇ ಇಟ್ಟುಕೊಂಡೆ, ಇನ್ನೊಂದರ ಖಾತೆಯನ್ನು ಅಳಿಸಿದೆ. ಎಡಗಡೆ ಎರಡು ವಿಭಾಗ ಮಾಡಿದೆ, ನನ್ನದೊಂದು, ಅತ್ತೆಯದೊಂದು. ಏನೇನು ಬೇಕು ಎಂದು ಕೇಳಿದರೆ, ಅವರು ಅಂಗಡಿಗೆ ಸಾಮಾನು ಹೇಳುವಂತೆ ಹೇಳತೊಡಗಿದರು. ಮಳೆ ಬೆಳೆ ಬೇಕು. ನಮ್ಮ ಊರ ಕಡೆಯ ಕೆರೆಗಳದ್ದು ಬೇಕು. ಮಂತ್ರಿಗಳದ್ದು ಬೇಕು, ಆದರೆ ಮಾತು ಕಡಿಮೆ ಇರಬೇಕು. ಸಿನಿಮಾದವರ ಮನೆ ಜಗಳ ಬೇಡ. ಸ್ವಲ್ಪ ಯೋಚಿಸಿ, "ಅಬ್ಬಿಗೆರೇದು ಏನಾರ ಬರ್ತದಾ?" ಎಂದರು.

ಅಬ್ಬಿಗೆರೆ ಅವರ ತವರು. ಅವರು ಹುಟ್ಟಿದಾಗ ಅದು ಹಳ್ಳಿ. ಈಗ ಸಾಲು ಸಾಲು ಮನೆ. ತವರಲ್ಲಿ ಹತ್ತಿರದವರು ಯಾರೂ ಉಳಿದಿಲ್ಲದ್ದರಿಂದ ಅವರು ಹೋಗುವುದೂ ನಿಂತಿತ್ತು. ಒಂದು ಊರಿನ ಹೆಸರಿನಲ್ಲಿ ಫೀಡ್ ಎಲ್ಲಿ ಸಿಗಬೇಕು ಎಂದುಕೊಂಡೇ ಹುಡುಕಿದೆ. ಸಿಕ್ಕಿತು! ಅಲ್ಲಿ ಹೊಸದಾಗಿ ಮನೆ ಮಾಡಿದ್ದ ಯಾರೋ ಒಬ್ಬರು, ಭಾನುವಾರ ಸುತ್ತಾಡಿ ಬಂದು ಕಂಡದ್ದನ್ನು ಬರೆಯುವ ಚಿಕ್ಕ ಬ್ಲಾಗು. ಅಬ್ಬಿಗೆರೆ, ಚಿಕ್ಕಬಾಣಾವರ, ದಾಸರಹಳ್ಳಿಯ ಗಲ್ಲಿಗಳು, ಮರಗಳು, ಹಳೆಯ ಬಾವಿಗಳು. ಸೇರಿಸಿದೆ.

ಕೆಲವು ವಾರ ಅದರಲ್ಲಿ ಏನೂ ಬರಲಿಲ್ಲ. "ಬಂತಾ?" ಎಂದು ಕೇಳುವರು, ಇಲ್ಲ ಎನ್ನುವೆ. ಆಮೇಲೊಂದು ಸಂಜೆ ಅತ್ತೆಯ ವಿಭಾಗದಲ್ಲಿ ಆ ಬ್ಲಾಗಿನ ಕಪ್ಪು ಸಾಲೊಂದು ಕಂಡಿತು. ರಸ್ತೆಯ ಅಂಚಿನಲ್ಲಿ ಎರಡು ಕಲ್ಲು ನೆಟ್ಟಿದ್ದಾರೆ, ಮೇಲೆ ಅಡ್ಡಲಾಗಿ ಒಂದು ಚಪ್ಪಡಿ. ಬೆಂಚು ಎನ್ನಲು ಬಹಳ ಎತ್ತರ, ಬಾಗಿಲು ಎನ್ನಲು ಬಹಳ ಕುಳ್ಳು. ಇದೇನೆಂದು ತಿಳಿದವರು ದಯವಿಟ್ಟು ಹೇಳಿ ಎಂದು ಬರೆದಿದ್ದರು. ಜೊತೆಗೆ ಫೋಟೋ. ಲ್ಯಾಪ್‌ಟಾಪನ್ನು ಅತ್ತೆಯ ಕಡೆ ತಿರುಗಿಸಿದೆ.

ಅವರು ಪರದೆಗೆ ಮೂಗು ತಾಗುವಷ್ಟು ಬಾಗಿದರು. "ಅಯ್ಯೋ, ಇನ್ನೂ ಇಟ್ಟವ್ರೆ ಇದನ್ನ!" ಎಂದರು. ಆಮೇಲೆ ನಿಧಾನವಾಗಿ, ನಾನು ತುಟಿ ಓದುವಂತೆ ಒಂದೊಂದೇ ಮಾತಾಗಿ ಹೇಳಿದರು. ಅದು ತಲೆಹೊರೆ ಇಳಿಸುವ ಕಲ್ಲು. ಅವರ ಅವ್ವ ಬೆಳಗಿನ ಜಾವ ದಂಟಿನ ಸೊಪ್ಪಿನ ಹೊರೆ ಹೊತ್ತು ಮಾರಲು ಯಶವಂತಪುರದ ಕಡೆಗೆ ನಡೆದು ಹೋಗುತ್ತಿದ್ದರಂತೆ. ಸಣ್ಣವರಾಗಿದ್ದ ಅತ್ತೆ ಹಿಂದೆ ಹಿಂದೆ ಓಡುವರು. ಹೊರೆಯನ್ನು ನೆಲಕ್ಕಿಟ್ಟರೆ ಮತ್ತೆ ಎತ್ತಿ ತಲೆಗಿಡಲು ಯಾರಾದರೂ ಬೇಕು. ಆ ಚಪ್ಪಡಿಯಾದರೆ ತಲೆಯ ಎತ್ತರಕ್ಕೇ ಇರುತ್ತದೆ, ಸರಿಸಿದರೆ ಇಳಿಯಿತು, ತಲೆ ಕೊಟ್ಟರೆ ಏರಿತು. "ನಮ್ಮವ್ವ ಬಸುರಿಯಾಗಿದ್ದಾಗ್ಲೂ ಯಾರ್ನೂ ಕರೀತಿರ್ನಿಲ್ಲ. ಆ ಕಲ್ಲು ಇತ್ತಲ್ಲ."

"ಇದನ್ನ ಬರೆದು ಕಳಿಸ್ಲಾ ಅತ್ತೆ?"

"ಯಾರಿಗೆ?"

"ಕೇಳಿದಾರಲ್ಲ, ಅವರಿಗೆ."

"ನಾನೇಳಿದ್ದನ್ನ ಅವ್ರು ಕೇಳ್ತಾರಾ?"

"ಕೇಳೋಕೇ ಬರೆದಿರೋದು."

ಬ್ಲಾಗಿನ ಕೆಳಗಿನ ಚೌಕದಲ್ಲಿ ಅವರ ಮಾತನ್ನು ಆದಷ್ಟೂ ಹಾಗೇ ಬರೆದು ಕಳಿಸಿದೆ. ಎರಡನೇ ದಿನಕ್ಕೆ ಉತ್ತರ ಬಂತು. ಧನ್ಯವಾದ ಹೇಳಿ, ಇದನ್ನೇ ಮುಂದಿನ ಬರಹವಾಗಿ ಹಾಕಬಹುದೇ, ಅಮ್ಮನವರಿಗೆ ಇನ್ನೂ ಏನು ನೆನಪಿದೆ ಎಂದು ಕೇಳಿದ್ದರು. ಅತ್ತೆಗೆ ನೆನಪಿದ್ದುದಕ್ಕೆ ಕೊನೆಯೇ ಇರಲಿಲ್ಲ. ಆ ವಾರವೆಲ್ಲ ಸಂಜೆಯ ಓದು ತಿರುಗುಮುರುಗಾಯಿತು, ಅವರು ಹೇಳುವರು, ನಾನು ಬರೆಯುವೆ.

ಭಾನುವಾರ ರೀಡರ್ ತೆರೆದಾಗ ಆ ಕಲ್ಲಿನ ಬರಹ ಬಂದು ಕೂತಿತ್ತು, ಪತ್ರಿಕೆಗಳ ಸುದ್ದಿಗಳ ನಡುವೆ, ಅವುಗಳಷ್ಟೇ ದಪ್ಪ ಅಕ್ಷರದಲ್ಲಿ. ಅತ್ತೆಯನ್ನು ಕರೆದು ಓದಿದೆ. ಅವರ ಅಂಗೈ ನನ್ನ ಮಂಡಿಯ ಮೇಲಿತ್ತು. ಅವ್ವ ಬಸುರಿಯಾಗಿದ್ದ ಭಾಗ ಬಂದಾಗ ನನ್ನ ದನಿ ಏನಾಯಿತೋ ತಿಳಿಯದು, ಅಂಗೈ ಒತ್ತಲೂ ಇಲ್ಲ, ತಟ್ಟಲೂ ಇಲ್ಲ. ಮುಗಿಸಿ ನೋಡಿದರೆ ಅವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ಇನ್ನೊಂದು ಸಲ ಓದು" ಎಂದರು. ಓದಿದೆ. ಎರಡನೇ ಸಲ ತಪ್ಪು ಹಿಡಿದರು. "ಬರೀ ಸೊಪ್ಪು ಅಂತ ಹಾಕವ್ರೆ. ದಂಟಿನ ಸೊಪ್ಪು ಅಂದಿದ್ದೆ ನಾನು. ಬರಿ ಅವ್ರಿಗೆ." ಬರೆದೆ. ತಿದ್ದಿದರು.

ಈ ಸುದ್ದಿ ಬೀದಿಗೆ ಹಬ್ಬಲು ಹೆಚ್ಚು ಹೊತ್ತು ಬೇಕಾಗಲಿಲ್ಲ, ಹಬ್ಬಿಸಿದವರು ಅತ್ತೆಯೇ. ಪಕ್ಕದ ಮನೆಯವರು ಬಂದು ಕೂತರು. ಸ್ಟಾಫ್ ರೂಮಿನ ಗೆಳತಿಗೂ ಹೇಳಿದೆ. ಹಾಗೆ ಹೇಳುತ್ತಿರುವಾಗಲೇ, ಒಳಗಿನ ಕೋಣೆಗೆ ಹೋದಾಗಿನಿಂದ ನಾನು ಅವಳೊಡನೆ ಇಷ್ಟು ಉದ್ದ ಮಾತಾಡಿದ್ದೇ ಇಲ್ಲ ಎಂದು ಅರಿವಾಯಿತು. ಅವಳು ನಡುವೆ ಒಂದು ಸಲವೂ ಟೇಬಲ್ ತಟ್ಟಲಿಲ್ಲ.

ನಮ್ಮ ಮಹಡಿಯಲ್ಲಿ ಬಾಡಿಗೆಗೆ ಇರುವ ಹೆಂಗಸು ಹಿಂದೂಪುರದ ಕಡೆಯವಳು. ಮದುವೆಯಾಗಿ ಇಲ್ಲಿಗೆ ಬಂದವಳು, ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ತೆಲುಗು ಓದುವುದನ್ನೂ ಶಾಲೆ ಬಿಟ್ಟ ಮೇಲೆ ಮರೆತಿದ್ದಳು. ಬಟ್ಟೆ ತೆಗೆಯಲು ಇಳಿದಾಗ ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದಳು. ಒಂದು ದಿನ ನನ್ನ ಎದುರಿಗೆ ಬಂದು, ತುಟಿ ಕಾಣುವಂತೆ ಮುಖ ಎತ್ತಿ ಕೇಳಿದಳು:

"ಅಕ್ಕ, ಅದರಲ್ಲಿ ನಮ್ಮೂರಿಂದು ಬರಲ್ವಾ?"

"ತೆಲುಗು ನನಗೆ ಓದೋಕೆ ಬರಲ್ವಲ್ಲಮ್ಮ."

ಅತ್ತೆ ನಡುವೆ ಬಾಯಿ ಹಾಕಿದರು. "ಅದೂ ದುಂಡಗೇ ಅಲ್ವಾ ಇರೋದು? ನೋಡು ಬತ್ತದೇನೋ."

ತೆಲುಗು ಪತ್ರಿಕೆಯೊಂದರ ಫೀಡ್ ಹುಡುಕಿ, ಎಡಗಡೆ ಮೂರನೆಯ ವಿಭಾಗ ಮಾಡಿ ಹಾಕಿದೆ. ರೀಡರ್ ಅದನ್ನೂ ಕನ್ನಡದಷ್ಟೇ ಸ್ವಚ್ಛವಾಗಿ ತೋರಿಸಿತು. ಅಕ್ಷರಗಳನ್ನು ದೊಡ್ಡದು ಮಾಡಿ ನೋಡಿದೆ. ಎಷ್ಟೋ ನಮ್ಮವೇ. ತಲೆಯ ಮೇಲಿನ ಗೆರೆ ಮಾತ್ರ ಸ್ವಲ್ಪ ಬೇರೆ. ಕೆಲವು ದಾರಿ ತಪ್ಪಿಸುತ್ತವೆ, ಅವುಗಳಿಗೆ ಅಂದಾಜು. ಮೊದಲ ಸಾಲನ್ನು ಒಂದನೇ ಕ್ಲಾಸಿನ ಮಗುವಿನಂತೆ ಬಿಡಿಬಿಡಿಯಾಗಿ ಓದಿದೆ: "ಹಿಂ-ದೂ-ಪು-ರಂ-ಲೋ... ವರ್-ಷಂ."

"ಯಾವ ವರ್ಷ?" ಎಂದರು ಅತ್ತೆ.

ಮಹಡಿಯವಳು ಬಾಯಿಗೆ ಸೆರಗಿಟ್ಟು ನಕ್ಕಳು. ಆಮೇಲೆ ನನಗೆ ಅರ್ಥವಾಗಲೆಂದು ಸೆರಗು ತೆಗೆದು, ಬೆರಳುಗಳನ್ನು ಮೇಲಿಂದ ಕೆಳಕ್ಕೆ ಆಡಿಸಿದಳು. "ವರ್ಷ ಅಲ್ಲಮ್ಮ, ಮಳೆ. ನಮ್ಮೂರಲ್ಲಿ ಮಳೆ ಬಂದಿದೆ."

ಅಲ್ಲಿಯೇ ನಿಂತು ತನ್ನ ಅಮ್ಮನಿಗೆ ಫೋನು ಹಚ್ಚಿದಳು. ಅವಳ ಮುಖ ಅರಳುವುದನ್ನು ನೋಡುತ್ತ ನಾವಿಬ್ಬರೂ ಕೂತಿದ್ದೆವು. ಫೋನಿಟ್ಟು ನನ್ನ ಕಡೆ ತಿರುಗಿ, ಒಂದೊಂದೇ ಮಾತಾಗಿ ಹೇಳಿದಳು: ಹೊಲ ಚೆನ್ನಾಗಿ ಹದವಾಗಿದೆಯಂತೆ, ನಾಳೆ ಕಡಲೆಕಾಯಿ ಬಿತ್ತುತ್ತಾರಂತೆ.

"ಮುಂದಿಂದು ಓದಕ್ಕ" ಎಂದು ಮೆಟ್ಟಿಲ ಮೇಲೆ ಕೂತಳು. ನಾನು ಎರಡನೆಯ ಸಾಲಿಗೆ ಹೋದೆ.